ನಮ್ಮ ಮನೆ ಎದ್ದು ನಡೆದ ದಿನ

ನಮ್ಮೂರಿಗೆ ಹೊಸದಾಗಿ ಬಂದವರು ಮೊದಲು ನೋಡಬೇಕೆನ್ನುವುದು ಗುಂಡಿಯನ್ನು. ನೋಡಲಿ, ಬೇಡವೆಂದವರು ಯಾರು. ಅಂಚಿನಲ್ಲಿ ನಿಂತು ಕೆಳಗೆ ಇಣುಕಿದರೆ ಎಂಥ ಮಾತುಗಾರನಿಗೂ ಒಂದು ಗಳಿಗೆ ಬಾಯಿ ಕಟ್ಟುತ್ತದೆ. ಚಕ್ಕುಲಿ ಸುತ್ತಿದ ಹಾಗೆ ದಾರಿ ಸುತ್ತಿ ಸುತ್ತಿ ಇಳಿಯುತ್ತದೆ. ತಳದಿಂದ ಹೊರಟ ಡಂಪರ್ ಮೇಲಕ್ಕೆ ಬರುವಷ್ಟರಲ್ಲಿ ಡ್ರೈವರ್ ಎರಡು ಸಲ ಚಹಾ ಕುಡಿದು, ಒಂದು ಸಲ ಹೆಂಡತಿಯನ್ನು ನೆನೆದು, ಇನ್ನೊಂದು ಸಲ ಅವಳೊಡನೆ ಮನಸ್ಸಿನಲ್ಲೇ ಜಗಳವಾಡಿ ಮುಗಿಸಿರುತ್ತಾನೆ. ಅಲ್ಲಿಂದ ವಜ್ರ ಬರುತ್ತದೆ ಎನ್ನುತ್ತಾರೆ. ಬರುತ್ತಿರಬೇಕು. ಮೂವತ್ತೆರಡು ವರ್ಷ ಅಲ್ಲಿ ಡಂಪರ್ ಓಡಿಸಿದ ನಾನು ಕಂಡದ್ದು ಬೂದುಬಣ್ಣದ ಕಲ್ಲು, ಹಿಮ, ಮತ್ತು ಮುಂದಿನ ಡಂಪರಿನ ಬೆನ್ನು, ಇಷ್ಟೇ. ವಜ್ರ ಆರಿಸುವ ಶೆಡ್ಡಿನಲ್ಲಿ ಕೆಲಸ ಮಾಡುವ ನನ್ನ ಕಿರಿಸೊಸೆ ಪಾಲಮ್ಮನನ್ನು ಕೇಳಿದರೆ, ಅದು ನೋಡಕ್ಕೆ ಕಲ್ಲುಪ್ಪಿನ ಥರ ಇರುತ್ತೆ, ಸಾರಿಗೆ ಹಾಕಕ್ಕೂ ಬರಲ್ಲ ಎನ್ನುತ್ತಾಳೆ.

ನಿಜವಾಗಿ ನೋಡಬೇಕಾದದ್ದು ನಮ್ಮ ಮನೆಗಳನ್ನು. ಇಲ್ಲಿಯ ನೆಲ ಎಷ್ಟು ಆಳ ತೋಡಿದರೂ ಹೆಪ್ಪುಗಟ್ಟಿದ ನೆಲವೇ. ಗೂಟ ಹೊಡೆದರೆ ಗೂಟ ಮುರಿಯುತ್ತದೆಯೇ ಹೊರತು ನೆಲ ಬಿರಿಯುವುದಿಲ್ಲ. ಹಾಗಾಗಿ ಹೊಸ ಮನೆ ಕಟ್ಟುವ ಮಾತೇ ಇಲ್ಲ. ಹಿಂದಿನವರು ಮರದ ಕಾಲುಗಳ ಮೇಲೆ ನಿಲ್ಲಿಸಿ ಹೋದ ಮನೆಗಳು ಹನ್ನೆರಡು ಸಾಲಾಗಿ ನಿಂತಿವೆ. ಗಣಿ ಕಂಪನಿಯವರು ವರ್ಷಕ್ಕೆ ಒಂದು ಸುತ್ತು ಗುಂಡಿ ಅಗಲ ಮಾಡುತ್ತಾರೆ. ಚಳಿಗಾಲದ ಉದ್ದನೆಯ ಕತ್ತಲು ಮುಗಿದು ಸೂರ್ಯ ಮೊದಲ ಸಲ ಸೂರಿನ ಎತ್ತರಕ್ಕೆ ಬರುವ ದಿನ, ಗುಂಡಿಗೆ ಹತ್ತಿರದ ಮುಂದಿನ ಸಾಲಿನ ಮನೆಗಳು ಎದ್ದು, ಊರನ್ನು ದಾಟಿ ನಡೆದು, ಎಲ್ಲಕ್ಕಿಂತ ಹಿಂದೆ ಕೊನೆಯ ಸಾಲಾಗಿ ಹೋಗಿ ನಿಲ್ಲುತ್ತವೆ. ಮಧ್ಯಾಹ್ನದ ಸೈರನ್ ಆಗುವವರೆಗೆ ಸಮಯ. ಆಮೇಲೆ ಕಂಪನಿಯವರು ಮದ್ದು ಸಿಡಿಸುತ್ತಾರೆ. ಒಂದೊಂದು ಮನೆಗೂ ಹನ್ನೆರಡು ವರ್ಷಕ್ಕೊಮ್ಮೆ ಸರದಿ.

ಏಳುವುದಕ್ಕೆ ಮನೆ ಕೇಳುವುದು ಒಂದೇ. ಒಳಗಿರುವ ಯಾರ ಹೊಟ್ಟೆಯಲ್ಲೂ ಗಂಟು ಇರಬಾರದು. ಗಂಟು ಎಂದರೆ ನಿಮಗೂ ಗೊತ್ತಿರುವುದೇ: ನುಂಗಲಾರದೆ ಉಗುಳಲಾರದೆ ಇಟ್ಟುಕೊಂಡದ್ದು. ಅತ್ತೆಯ ಮೇಲೆ ಸೊಸೆಗೆ, ಅಣ್ಣನ ಮೇಲೆ ತಮ್ಮನಿಗೆ, ಒಂದು ಗಂಟಿದ್ದರೂ ಸಾಕು, ಮನೆ ಕಲ್ಲಾಗಿ ಕೂತುಬಿಡುತ್ತದೆ. ಹೀಗಾಗಿ ಸರದಿ ಬಂದ ಸಾಲಿನಲ್ಲಿ ಆ ದಿನಕ್ಕೆ ಒಂದು ವಾರ ಮುಂಚಿನಿಂದ ರಾಜಿ ನಡೆಯುತ್ತದೆ. ಬೇರೆ ಊರುಗಳಲ್ಲಿ ಜನ ಮನೆಗೆ ಸುಣ್ಣ ಬಳಿಯುತ್ತಾರಂತೆ. ನಮ್ಮಲ್ಲಿ ಮಾತು ಬಿಟ್ಟವರನ್ನು ಹುಡುಕಿ ಕೂರಿಸುತ್ತೇವೆ.

ಕೂರಿಸುವ ಕೆಲಸ ನನ್ನದು. ಊರಲ್ಲಿ ಸೂರಯ್ಯ ಎಂದರೆ ಯಾವ ಸೂರಯ್ಯ ಎಂದಾರು, ರಾಜಿ ಸೂರಯ್ಯ ಎಂದರೆ ಮಕ್ಕಳೂ ಕೈಹಿಡಿದು ಮನೆ ತೋರಿಸುತ್ತವೆ. ನಾನು ಹೋಗಿ ಒಲೆಯ ಪಕ್ಕ ಕೂತರೆ ಎಂಥ ಮೊಂಡರೂ ಎರಡು ದಿನದಲ್ಲಿ ಬಾಯಿಬಿಡುತ್ತಿದ್ದರು. ಕೊನೆಗೆ ಇಬ್ಬರಿಂದಲೂ ಒಂದೇ ಅಚ್ಚು ಬೆಲ್ಲ ಕಚ್ಚಿಸುತ್ತಿದ್ದೆ. ಗಾದ್ರಪ್ಪನೆಂಬ ಪುಣ್ಯಾತ್ಮ ತನ್ನ ತಾಯಿಯ ಎದುರಿಗೆ ಹೆಂಡತಿಯ ರೊಟ್ಟಿಯನ್ನು ಡಂಪರ್ ಟೈರಿಗೆ ಹೋಲಿಸಿ ನಾಲ್ಕು ವರ್ಷ ಅವಳ ಮಾತು ಕಳೆದುಕೊಂಡಿದ್ದ. ಅವನನ್ನು ಅದೇ ರೊಟ್ಟಿಯ ಮುಂದೆ ಕೂರಿಸಿ, ಇವಳು ಕಲ್ಲಲ್ಲಿ ರೊಟ್ಟಿ ಮಾಡಿದರೂ ನನಗೆ ಅದೇ ವಜ್ರ ಎಂದು ಅವನ ಬಾಯಿಂದಲೇ ಹೇಳಿಸಿದವನು ನಾನು. ಮರುದಿನ ಅವರ ಮನೆ ಎದ್ದ ರಭಸಕ್ಕೆ ಸೂರಿನ ಹಿಮವೆಲ್ಲ ಪಕ್ಕದವರ ಬಾಗಿಲಿಗೆ ಬಿದ್ದು, ಅವರ ಜೊತೆ ಇನ್ನೊಂದು ಜಗಳ ಶುರುವಾಗಿತ್ತು.

ನನ್ನ ಕಾಲದಲ್ಲಿ ಏಳದೆ ಹೋದದ್ದು ಒಂದೇ ಒಂದು ಮನೆ. ದಾಸಪ್ಪನ ಮಕ್ಕಳದು. ಅಣ್ಣ ತಮ್ಮ ಇಬ್ಬರೂ ನಗುನಗುತ್ತ, ನಮ್ಮಲ್ಲೇನೂ ಇಲ್ಲ ತಾತ ಎಂದು ಬೆಲ್ಲ ಕಚ್ಚಿದರು. ಮನೆ ಮಿಸುಕಲಿಲ್ಲ. ಸೈರನ್ ಆಯಿತು, ಪಾತ್ರೆಪಗಡ ಹೊರಗೆ ತಂದರು, ಮದ್ದು ಸಿಡಿಯಿತು, ಮನೆ ಗುಂಡಿಗೆ ಹೋಯಿತು. ಮನೆ ಹೋದವರಿಗೆ ಇಲ್ಲಿ ಮತ್ತೆ ಮನೆ ಇಲ್ಲ. ಗಂಡಸರು ಕಂಪನಿಯ ಗಂಡಸರ ಬ್ಯಾರಕ್ಕಿಗೆ, ಹೆಂಗಸರು ಹೆಂಗಸರ ಬ್ಯಾರಕ್ಕಿಗೆ. ದಾಸಪ್ಪನ ಹೆಂಡತಿ ಭಾನುವಾರ ಕ್ಯಾಂಟೀನಿನಲ್ಲಿ ಮಕ್ಕಳಿಗೆ ಕಾಯುತ್ತ ಕೂತಿರುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ನೋಡಿ, ಮುಖ ತಿರುಗಿಸಿಕೊಂಡು ಹೋಗಿದ್ದೇನೆ.

ಇಷ್ಟೆಲ್ಲ ಹೇಳಿಕೊಂಡ ಮೇಲೆ ನನ್ನ ಮನೆಯ ಕಥೆಯನ್ನೂ ಹೇಳಬೇಕು. ನನಗೆ ಇಬ್ಬರು ಗಂಡುಮಕ್ಕಳು, ಓಬಯ್ಯ ಮತ್ತು ತಿಪ್ಪೇಶ. ಇಬ್ಬರೂ ಡಂಪರ್ ಡ್ರೈವರುಗಳು, ಇಬ್ಬರೂ ಅವರಮ್ಮನಂತೆ ಮಾತು ಕಡಿಮೆ. ಹಿರಿಸೊಸೆ ಮಾರಕ್ಕ ಬಟ್ಟೆ ಒಗೆಯುವ ಶೆಡ್ಡಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಅವಳಿಗೆ ಮಕ್ಕಳಿಲ್ಲ. ಕಿರಿಸೊಸೆ ಪಾಲಮ್ಮನಿಗೆ ಒಬ್ಬಳು ಮಗಳು, ಬೆಳ್ಳಿ. ಪಾಲಮ್ಮ ಮದುವೆಯಾಗಿ ಬಂದ ಹೊಸತರಲ್ಲಿ ವಾರಗಿತ್ತಿಯರು ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು. ಒಬ್ಬಳು ತಲೆ ಬಾಚಿಕೊಂಡರೆ ಇನ್ನೊಬ್ಬಳು ಜಡೆ ಹೆಣೆಯಬೇಕು. ಇವರಿಬ್ಬರ ನಗುವಿನಲ್ಲಿ ಮಧ್ಯಾಹ್ನದ ನಿದ್ದೆ ಹಾಳಾಗುತ್ತದೆ ಎಂದು ನಾನು ಗೊಣಗುತ್ತಿದ್ದೆ. ಆ ಇಬ್ಬರು ಹನ್ನೊಂದು ವರ್ಷ ಒಬ್ಬರೊಡನೊಬ್ಬರು ಮಾತಾಡಲಿಲ್ಲ.

ಕಾರಣ ಒಲೆ. ನಮ್ಮೂರಲ್ಲಿ ಚಳಿಗಾಲದಲ್ಲಿ ಒಲೆ ಆರಕೂಡದು. ಕಬ್ಬಿಣದ ಒಲೆಗೆ ಕಲ್ಲಿದ್ದಲನ್ನು ಕುತ್ತಿಗೆವರೆಗೆ ತುಂಬಿ, ಕೆಳಗಿನ ಗಾಳಿಕಿಂಡಿಯನ್ನು ಅರ್ಧ ತೆರೆದಿಟ್ಟರೆ ಬೆಳಗಿನಿಂದ ಸಂಜೆವರೆಗೆ ಉರಿಯುತ್ತದೆ. ಹನ್ನೊಂದು ವರ್ಷದ ಹಿಂದೆ ಒಂದು ದಿನ ನನ್ನ ಹೆಂಡತಿ ಬಂಗಾರಮ್ಮ ಜ್ವರ ಬಂದು ಮಲಗಿದ್ದಳು. ವರ್ಷದ ಕೂಸು ಬೆಳ್ಳಿ ಅವಳ ಮಗ್ಗುಲಲ್ಲಿತ್ತು. ಸೊಸೆಯರು ಕೆಲಸಕ್ಕೆ, ಮಕ್ಕಳು ಗುಂಡಿಗೆ. ರಜೆಯ ಮೇಲೆ ಮನೆಯಲ್ಲಿದ್ದವನು ನಾನೊಬ್ಬ. ಅಂದು ಮುಂದಿನ ಸಾಲು ಏಳುವ ದಿನ. ಒಲೆಗೆ ಇದ್ದಲು ತುಂಬಬೇಕೆಂದು ಸಲಿಕೆ ಕೈಗೆತ್ತಿಕೊಂಡಿದ್ದೆ, ಅಷ್ಟರಲ್ಲಿ ಯಾರೋ ಓಡಿಬಂದು, ತಾತ, ನಾಗಣ್ಣನ ಮನೆ ಏಳುತ್ತಿಲ್ಲ, ನೀವೇ ಬರಬೇಕು ಎಂದರು. ನೀವೇ ಬರಬೇಕು ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಬೇರೆ ಏನೂ ಕೇಳಿಸದ ಕಾಲ ಅದು. ಸಲಿಕೆ ಬಿಟ್ಟೆ, ಕೋಟು ಹಾಕಿಕೊಂಡು ಹೊರಟೆ.

ನಾಗಣ್ಣನ ಮನೆ ಎದ್ದಿತು. ಜನ ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದರು. ಕಾಗದದ ಹೂವಿನ ಹಾರ ಹಾಕಿಕೊಂಡು ಹೊತ್ತು ಇಳಿಯುವಾಗ ಮನೆಗೆ ಬಂದರೆ ಒಳಗಿನ ಗೋಡೆಗಳೆಲ್ಲ ಹಿಮ ಕಟ್ಟಿ ಬೆಳ್ಳಗಾಗಿದ್ದವು. ಮಾರಕ್ಕ ಹತ್ತು ಗಂಟೆಗೆ ಸೋಪು ಒಯ್ಯಲು ಬಂದು ಹೋಗಿದ್ದಳು, ಪಾಲಮ್ಮ ಹನ್ನೊಂದಕ್ಕೆ ಕೂಸಿಗೆ ಹಾಲು ಕುಡಿಸಿ ಹೋಗಿದ್ದಳು. ಆಗ ಹಿಂದಿನ ಕೆಂಡ ಇನ್ನೂ ಇತ್ತು, ಮನೆ ಬೆಚ್ಚಗೇ ಇತ್ತು, ಇಬ್ಬರಿಗೂ ಅನುಮಾನ ಬಂದಿರಲಿಲ್ಲ. ಆಮೇಲೆ ಒಲೆ ಆರಿದೆ. ಜ್ವರದ ಮಂಪರಿನಲ್ಲಿದ್ದ ಬಂಗಾರಮ್ಮನಿಗೆ ಗೊತ್ತಾಗಿಲ್ಲ. ಕೂಸಿನ ಎಡಗಾಲು ರಜಾಯಿಯಿಂದ ಹೊರಗೆ ಬಂದುಬಿಟ್ಟಿತ್ತು. ಡಾಕ್ಟರು ಕಾಲನ್ನು ಉಳಿಸಿದರು, ಕಿರುಬೆರಳನ್ನು ತೆಗೆದರು.

ಒಲೆ ಹೇಗೆ ಆರಿತು ಎಂದು ಎಲ್ಲರೂ ಕೇಳಿದರು. ನಾನು ಹೇಳಿದ್ದು ಒಂದೇ ಮಾತು. ನಾನು ಕುತ್ತಿಗೆವರೆಗೆ ತುಂಬಿ ಹೋಗಿದ್ದೆ, ಅಂದೆ. ಯೋಚಿಸಿ ಹೇಳಿದ್ದಲ್ಲ, ಹಾರ ಇನ್ನೂ ಕೊರಳಲ್ಲೇ ಇತ್ತು, ಬಾಯಿಗೆ ಅದೇ ಬಂತು. ರಾಜಿ ಸೂರಯ್ಯನ ಮಾತನ್ನು ಸುಳ್ಳು ಎನ್ನುವವರು ಊರಲ್ಲಿ ಯಾರಿದ್ದಾರೆ. ತುಂಬಿದ ಒಲೆ ಆರಬೇಕಾದರೆ ಯಾರೋ ಗಾಳಿಕಿಂಡಿಯನ್ನು ಮುಚ್ಚಿರಬೇಕು. ಬಂದು ಹೋದವರು ಇಬ್ಬರೇ. ತಾನು ಮುಚ್ಚಿಲ್ಲವೆಂದು ಮಾರಕ್ಕನಿಗೆ ಗೊತ್ತು, ಹಾಗಾದರೆ ಪಾಲಮ್ಮನೇ. ತಾನು ಮುಚ್ಚಿಲ್ಲವೆಂದು ಪಾಲಮ್ಮನಿಗೆ ಗೊತ್ತು, ಹಾಗಾದರೆ ಮಾರಕ್ಕನೇ. ಮಕ್ಕಳಿಲ್ಲದವಳ ಹೊಟ್ಟೆಕಿಚ್ಚು ಎಂದು ಒಬ್ಬಳು ಅಂದಳಂತೆ, ಹೆತ್ತವಳಿಗೇ ಎಚ್ಚರವಿಲ್ಲ ಎಂದು ಇನ್ನೊಬ್ಬಳು ಅಂದಳಂತೆ. ಅಲ್ಲಿಗೆ ಮಾತು ನಿಂತಿತು.

ನಾನು ಆಗಲೇ ಹೇಳಬೇಕಿತ್ತು. ಮೊದಲ ವರ್ಷ ಹೆದರಿಕೆ. ಎರಡನೆಯ ವರ್ಷ ನಾಚಿಕೆ. ಮೂರನೆಯ ವರ್ಷ ಬಂಗಾರಮ್ಮ ಬೇರೆ ಕಾಯಿಲೆಯಲ್ಲಿ ತೀರಿಕೊಂಡಳು, ಆ ದುಃಖದಲ್ಲಿ ಇದನ್ನು ಎಲ್ಲಿ ಎತ್ತುವುದು. ಆಮೇಲೆ ಅದು ಮನೆಯ ಗೋಡೆಯಷ್ಟೇ ಹಳೆಯದಾಯಿತು. ಸೊಸೆಯರು ಒಂದೇ ಒಲೆಯ ಮೇಲೆ ಎರಡು ಪಾತ್ರೆ ಇಟ್ಟು ಅಡುಗೆ ಮಾಡಿದರು. ಮಾತು ಬೇಕಾದರೆ ನನ್ನ ಮೂಲಕ. ಉಪ್ಪಿನ ಡಬ್ಬಿ ಎಲ್ಲಿ ಅಂತ ಕೇಳಿ ಮಾವ ಎಂದು ಒಬ್ಬಳು, ಕಣ್ಣೆದುರಿಗೇ ಇದೆ ಅಂತ ಹೇಳಿ ಮಾವ ಎಂದು ಇನ್ನೊಬ್ಬಳು. ಇಬ್ಬರೂ ಗಳಿಗೆಗೊಮ್ಮೆ ಎದ್ದು ಹೋಗಿ ಗಾಳಿಕಿಂಡಿಯನ್ನು ಇನ್ನಷ್ಟು ತೆರೆಯುತ್ತಿದ್ದರು. ಊರಿನಲ್ಲೆಲ್ಲ ಹೆಚ್ಚು ಸೆಕೆಯ ಮನೆ ನಮ್ಮದೇ. ಬೆವರು ಒರೆಸಿಕೊಳ್ಳುತ್ತ ನಾನು ಇನ್ನೊಬ್ಬರ ಮನೆಗೆ ರಾಜಿ ಮಾಡಿಸಲು ಹೊರಡುತ್ತಿದ್ದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ನಮ್ಮದು ಹಿಂದಿನ ಸಾಲಿನಲ್ಲಿದ್ದಾಗ ಏನೂ ಅನ್ನಿಸಿರಲಿಲ್ಲ. ಆದರೆ ವರ್ಷಕ್ಕೆ ಒಂದು ಸಾಲು ನಮ್ಮ ಮುಂದಿನಿಂದ ಎದ್ದು ಹಿಂದಕ್ಕೆ ಹೋಗುತ್ತಿತ್ತು. ಹತ್ತು, ಎಂಟು, ಐದು, ಎರಡು. ಈ ವರ್ಷ ಬಾಗಿಲು ತೆರೆದರೆ ಎದುರಿಗೆ ಗುಂಡಿಯೇ. ಮೆಟ್ಟಿಲಿಂದ ಅಂಚಿಗೆ ಇಪ್ಪತ್ತು ಹೆಜ್ಜೆ.

ಇಡೀ ಊರಿಗೆ ಬೇರೆ ಮಾತಿರಲಿಲ್ಲ. ಒಗೆಯುವ ಶೆಡ್ಡಿನ ಯಜಮಾನಿ ಕಾಟಮ್ಮ, ನಾಲಿಗೆ ಸ್ವಲ್ಪ ಚುರುಕು, ಊರಿಗೆ ಉಪಕಾರಿ ಮನೆಗೆ ಮಾರಿ ಎನ್ನುವುದು ಇದಕ್ಕೇ ಕಣಪ್ಪ ಎಂದು ನನ್ನ ಮುಖಕ್ಕೇ ಹೇಳಿದಳು. ನಾನು ನಕ್ಕೆ. ನನ್ನ ಲೆಕ್ಕವೇ ಬೇರೆ ಇತ್ತು. ಗಂಟು ಇರುವುದು ಅವರಿಬ್ಬರ ನಡುವೆ, ಅದನ್ನು ಬಿಚ್ಚಿದರಾಯಿತು. ನನ್ನ ಹೊಟ್ಟೆಯಲ್ಲಿದ್ದದ್ದು ಮುನಿಸಲ್ಲವಲ್ಲ, ಬರೀ ಒಂದು ಹಳೆಯ ಮಾತು. ಅದು ಮನೆಗೆ ಯಾಕೆ ಭಾರವಾದೀತು. ಹೀಗೆಂದುಕೊಂಡು ಬೆಲ್ಲದ ಅಚ್ಚು ಹಿಡಿದು ನನ್ನ ಮನೆಯ ಒಲೆಯ ಮುಂದೆ ನಾನೇ ಕೂತೆ. ಎರಡು ದಿನ ಕೂತೆ. ದೊಡ್ಡವಳನ್ನು ಹೊಗಳಿದೆ, ಚಿಕ್ಕವಳನ್ನು ಗದರಿಸಿದೆ, ತೀರಿಹೋದ ಬಂಗಾರಮ್ಮನ ಆಣೆ ಹಾಕಿದೆ. ಇಬ್ಬರೂ ನನಗೆ ಚಹಾ ಕೊಟ್ಟು ತಮ್ಮ ತಮ್ಮ ಕೆಲಸ ನೋಡಿಕೊಂಡರು.

ಮೂರನೆಯ ದಿನ ನಾನು ಕೈಚೆಲ್ಲಿ ಗೋಡೆಗೆ ಒರಗಿದ್ದೆ. ಮಾರಕ್ಕ ಹಿಟ್ಟು ನಾದುತ್ತಿದ್ದಳು. ಪಾಲಮ್ಮ ಕೆಲಸದಿಂದ ಬಂದು ಬೂಟು ಬಿಚ್ಚುತ್ತಿದ್ದಳು. ಮಾರಕ್ಕ ಹಿಟ್ಟಿನಿಂದ ಕಣ್ಣೆತ್ತದೆ ಹೇಳಿದಳು.

“ಪಾಲಮ್ಮ, ಅವತ್ತು ಆ ಕಿಂಡಿ ನಾನೇ ಮುಚ್ಚಿರಬೇಕು ಕಣೆ. ಜ್ಞಾಪಕ ಇಲ್ಲ. ಆದ್ರೂ ನಾನೇ ಅಂತ ಇಟ್ಕೋ. ಈ ಮನೆ ಹೋದ್ರೆ ಬೆಳ್ಳಿ ಎಲ್ಲಿ ಮಲಗ್ಬೇಕು.”

ಪಾಲಮ್ಮ ಒಂದು ಬೂಟು ಕೈಯಲ್ಲಿ ಹಿಡಿದವಳು ಹಾಗೇ ಕೂತಳು. ಹನ್ನೊಂದು ವರ್ಷದ ಮೇಲೆ ಆ ಬಾಯಲ್ಲಿ ತನ್ನ ಹೆಸರು ಕೇಳಿದ್ದಳು.

“ಇಲ್ಲಕ್ಕ, ನಾನೇ ಇರಬೇಕು. ಮಗೀಗೆ ಹಾಲು ಕುಡಿಸೋ ಗಡಿಬಿಡಿ, ಕೆಲಸಕ್ಕೆ ಹೊತ್ತಾಗಿತ್ತು. ನಾನೇ ಮುಚ್ಚಿದೀನಿ.”

ನಾನೇ ಕಣೆ, ಇಲ್ಲಕ್ಕ ನಾನೇ ಎಂದು ಇಬ್ಬರೂ ಒಂದು ತಪ್ಪಿಗಾಗಿ ಕಿತ್ತಾಡಿದರು. ಆ ತಪ್ಪು ಇಬ್ಬರದೂ ಅಲ್ಲ. ಆಮೇಲೆ ಹಿಟ್ಟಿನ ಕೈಯಲ್ಲೇ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ಮನುಷ್ಯನಾದವನು ಆ ಗಳಿಗೆಯಲ್ಲಿ ಎದ್ದು ನಿಂತು ಸತ್ಯ ಹೇಳುತ್ತಿದ್ದ. ನಾನು ಮಾಡಿದ್ದೇನು? ಸದ್ಯ ಮನೆ ಉಳಿಯಿತು ಅಂದುಕೊಂಡು ಬೆಲ್ಲದ ಅಚ್ಚನ್ನು ಮುಂದಕ್ಕೆ ಚಾಚಿದೆ. ಇಬ್ಬರೂ ಕಚ್ಚಿದರು. ಮಿಕ್ಕ ತುಂಡನ್ನು ನಾನೇ ಬಾಯಿಗೆ ಹಾಕಿಕೊಂಡೆ. ನಾಚಿಕೆಗೆಟ್ಟವನು ಎಂದರೆ ನನ್ನಂಥವನು.

ಆ ದಿನ ಬಂತು. ಸೂರ್ಯ ಸೂರಿನ ಮೇಲೆ ಬಂದಾಗ ಉಗುಳಿದರೆ ನೆಲಕ್ಕೆ ಬೀಳುವ ಮುಂಚೆ ಹರಳಾಗುವಷ್ಟು ಚಳಿ. ಆದರೂ ಊರಿಗೆ ಊರೇ ಬಂದು ದಾರಿಯ ಎರಡೂ ಕಡೆ ನಿಂತಿತ್ತು. ನಮ್ಮ ಸಾಲಿನಲ್ಲಿ ಏಳು ಮನೆ. ಪದ್ಧತಿ ಹೀಗೆ: ಮನೆಯವರೆಲ್ಲ ಒಳಗೆ ನಿಂತು ಗೋಡೆಗೆ ಅಂಗೈ ಊರಬೇಕು, ಹಿರಿಯರು ಬಾಗಿಲಲ್ಲಿ ನಿಂತು ಚೌಕಟ್ಟನ್ನು ಮುಟ್ಟಿ, ಏಳವ್ವ ಎನ್ನಬೇಕು. ಮೊದಲ ಮನೆ ಎದ್ದಿತು. ಮೊದಲು ಮುಂದಿನ ಕಾಲುಗಳು ಹಿಮದಿಂದ ಕಿತ್ತುಬಂದವು, ಸೂರು ಒಮ್ಮೆ ಕೊಡವಿಕೊಂಡಿತು, ಆಮೇಲೆ ಬಸುರಿ ಹೆಂಗಸು ನೆಲಕ್ಕೆ ಕೈಯೂರಿ ಏಳುವಂತೆ ನಿಧಾನವಾಗಿ ಎದ್ದು ನಿಂತು ಹೆಜ್ಜೆ ಹಾಕಿತು. ಒಳಗಿನಿಂದ ಪಾತ್ರೆಗಳ ಸದ್ದು, ಮಕ್ಕಳ ಕೂಗು. ಎರಡನೆಯದು ಎದ್ದಿತು, ಮೂರನೆಯದು ಎದ್ದಿತು. ಹತ್ತು ಗಂಟೆಯ ಹೊತ್ತಿಗೆ ಆರು ಮನೆಗಳು ಊರು ದಾಟಿ ಹೋಗಿ, ಅವುಗಳಿಗೆಂದು ಎಳೆದಿದ್ದ ಬೂದಿಯ ಗೆರೆಯ ಮೇಲೆ ನಿಂತಿದ್ದವು.

ನಾನು ಚೌಕಟ್ಟನ್ನು ಮುಟ್ಟಿ, ಏಳವ್ವ ಎಂದೆ. ಏನೂ ಆಗಲಿಲ್ಲ. ಇನ್ನೊಂದು ಸಲ ಎಂದೆ. ಮೂರನೆಯ ಸಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಕೂಗಿದೆ. ಸೂರಿನ ಮೇಲೆ ಕೂತಿದ್ದ ಕಾಗೆ ಸಹ ಎದ್ದು ಹೋಗಲಿಲ್ಲ.

ಜನರಲ್ಲಿ ಗುಸುಗುಸು ಶುರುವಾಯಿತು. ಇಬ್ಬರಲ್ಲಿ ಒಬ್ಬಳು ಮನಸ್ಸಿಟ್ಟು ಬೆಲ್ಲ ಕಚ್ಚಿಲ್ಲ ಎಂದು ಕಾಟಮ್ಮ ತೀರ್ಪು ಕೊಟ್ಟಳು. ಅದು ಒಳಗಿನವರ ಕಿವಿಗೂ ಬಿತ್ತು. ಮಾರಕ್ಕ ಪಾಲಮ್ಮನ ಮುಖ ನೋಡಿದಳು, ಪಾಲಮ್ಮ ಮಾರಕ್ಕನ ಮುಖ ನೋಡಿದಳು. ಮೂರು ದಿನದಿಂದ ಅರಳಿದ್ದ ಮುಖಗಳು ನನ್ನ ಕಣ್ಣೆದುರಿಗೇ ಮತ್ತೆ ಮುಚ್ಚಿಕೊಂಡವು. ತಾನಂತೂ ಮನಸ್ಸಿಟ್ಟೇ ಹೇಳಿದ್ದೇನೆಂದು ಅವಳಿಗೂ ಗೊತ್ತು, ಇವಳಿಗೂ ಗೊತ್ತು. ಹಾಗಾದರೆ ಎದುರಿಗಿರುವವಳೇ ಸುಳ್ಳಿ. ಆ ಹಳೆಯ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗಿತ್ತು, ಅದನ್ನು ಹಾಕಿಕೊಟ್ಟವನು ನಾನು.

ಹನ್ನೊಂದೂವರೆಗೆ ಕಂಪನಿಯ ಇಂಜಿನಿಯರ್ ಬಂದ. ಒಳ್ಳೆಯ ಹುಡುಗ, ಬೈಯಲಿಲ್ಲ, ಗಡಿಯಾರ ತೋರಿಸಿದ ಅಷ್ಟೇ. ಓಬಯ್ಯ ತಿಪ್ಪೇಶ ಇಬ್ಬರೂ ಪೆಟ್ಟಿಗೆಗಳನ್ನು ಹೊರಗೆ ಸಾಗಿಸತೊಡಗಿದರು. ಬೆಳ್ಳಿ, ಈಗ ಹನ್ನೆರಡರ ಹುಡುಗಿ, ಗೋಡೆಗೆ ಊರಿದ ಅಂಗೈಯನ್ನು ತೆಗೆಯದೆ ಹಾಗೇ ನಿಂತಿದ್ದಳು. ಅಪ್ಪ ಕರೆದರೂ ಬರಲಿಲ್ಲ. ಆಗ ಮಾರಕ್ಕ ಒಳಕೋಣೆಗೆ ಹೋಗಿ ತನ್ನ ಎರಡು ಸೀರೆಯನ್ನು ಗಂಟು ಕಟ್ಟಿಕೊಂಡು ಬಂದಳು.

“ನಾನು ಹೆಂಗಸರ ಬ್ಯಾರಕ್ಕಿಗೆ ಹೋಗ್ತೀನಿ ಮಾವ. ಗಂಟು ನನ್ನಲ್ಲೇ ಇರಬೇಕು, ನನಗೇ ಗೊತ್ತಾಗ್ತಿಲ್ಲ. ನಾನು ಹೊರಗೆ ಹೋದ್ರೆ ಮನೆ ಏಳ್ತದೆ. ಬೆಳ್ಳಿಗಾದ್ರೂ ಸೂರು ಉಳೀಲಿ.”

ನನ್ನನ್ನು ದಾಟಿಕೊಂಡೇ ಅವಳು ಹೊರಗೆ ಹೋಗಬೇಕು. ಬಾಗಿಲಲ್ಲಿ ನಿಂತವನು ನಾನು. ಹೊಸ್ತಿಲಿಗೆ ಒಂದು ಕಾಲು ಇಟ್ಟಿದ್ದಳು. ಅವಳ ಕೈಯಲ್ಲಿದ್ದ ಆ ಗಂಟು ನೋಡಿ ನನಗೆ ದಾಸಪ್ಪನ ಹೆಂಡತಿ ಕಣ್ಣಮುಂದೆ ಬಂದಳು. ಹೊರಗೆ ಇಡೀ ಊರು. ಮೂವತ್ತು ವರ್ಷ ನನ್ನ ಮಾತಿಗೆ ತಲೆಯಾಡಿಸಿದ ಊರು. ಇವರೆದುರಿಗೆ ಹೇಳುವುದಕ್ಕಿಂತ ಗುಂಡಿಗೆ ಹಾರುವುದು ಸುಲಭ ಅನ್ನಿಸಿತು. ಆದರೆ ನನ್ನ ಕೈ ಚೌಕಟ್ಟಿಗೆ ಅಡ್ಡವಾಗಿ ಚಾಚಿಕೊಂಡಿತ್ತು, ಅವಳಿಗೆ ದಾರಿ ಬಿಡಲಿಲ್ಲ. ಬಾಯಿ ತಾನಾಗಿ ತೆರೆಯಿತು. ನನ್ನ ದನಿ ಗಟ್ಟಿ, ಡಂಪರಿನ ಸದ್ದಿನ ಮೇಲೆ ಕೂಗಿ ಅಭ್ಯಾಸ. ಹಿಂದಿನ ಸಾಲಿನವರಿಗೂ ಕೇಳಿಸಿತಂತೆ.

“ಕಿಂಡಿ ಯಾರೂ ಮುಚ್ಚಲಿಲ್ಲ ಕಣ್ರವ್ವ. ಅವತ್ತು ಒಲೆಗೆ ನಾನು ಇದ್ದಲೇ ಹಾಕಿರಲಿಲ್ಲ. ಹಾಕಿದೀನಿ ಅಂತ ಸುಳ್ಳು ಹೇಳಿದೆ.”

ಗುಂಡಿಯ ತಳದಲ್ಲಿ ಒಂದು ಡಂಪರ್ ಗೇರು ಬದಲಾಯಿಸಿದ್ದು ಕೇಳಿಸಿತು. ಮಾರಕ್ಕನ ಕೈಯಿಂದ ಸೀರೆಯ ಗಂಟು ಜಾರಿ ಬಿತ್ತು. ಅವಳು ನನ್ನನ್ನು ನೋಡಿದಳು, ಪಾಲಮ್ಮನನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಅವಳು ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ.

“ಹನ್ನೊಂದು ವರ್ಷ ಮಾವ. ಇವಳ ತಾಯಿ ಸತ್ತ ಸುದ್ದಿ ಬಂದಾಗ ನಾನು ಇವಳಿಗೆ ಒಂದು ಲೋಟ ನೀರು ಕೊಡಲಿಲ್ಲ. ಪಕ್ಕದ ಕೋಣೇಲಿ ಕೂತು ಇವಳು ಅಳೋದು ಕೇಳ್ತಾ ರೊಟ್ಟಿ ತಟ್ಟಿದೆ. ಆ ನೀರು ಈಗ ಯಾರು ಕೊಡ್ತಾರೆ, ನೀವು ಕೊಡ್ತೀರಾ?”

“ಬೆರಳು ಹೋಗಿದ್ದಕ್ಕಲ್ಲ ಮಾವ,” ಎಂದು ಪಾಲಮ್ಮ ಮುಂದೆ ಬಂದಳು. ಅವಳ ದನಿ ಅಷ್ಟು ದೊಡ್ಡದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. “ಬೆರಳಿಗೆ ನಾನು ಯಾವತ್ತೋ ಅತ್ತು ಮುಗಿಸಿದೀನಿ. ನನ್ನ ಅಕ್ಕನ್ನ ನನ್ನಿಂದ ಕಿತ್ಕೊಂಡ್ರಲ್ಲ. ಅದೂ ಒಂದು ಹಾರದ ಆಸೆಗೆ.”

ಆಮೇಲೆ ಯಾರು ಯಾವುದು ಹೇಳಿದರೆಂದು ಬಿಡಿಸಿ ಹೇಳಲಾರೆ. ಒಬ್ಬಳು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬಳು ಎತ್ತಿಕೊಳ್ಳುತ್ತಿದ್ದಳು. ನನ್ನ ರಾಜಿಯನ್ನು ಬೈದರು, ಬೆಲ್ಲವನ್ನು ಬೈದರು, ಉಪ್ಪಿನ ಡಬ್ಬಿಗೆ ನನ್ನ ಕೈಯಲ್ಲಿ ಹೇಳಿಕಳಿಸಿದ ಒಂದೊಂದು ಸಲವನ್ನೂ ನೆನೆಸಿ ಬೈದರು. ನನ್ನ ವಯಸ್ಸಿಗೆ ಬೆಲೆ ಕೊಡಲಿಲ್ಲ, ಊರೆಲ್ಲ ನಿಂತಿದೆಯೆಂದು ನೋಡಲಿಲ್ಲ. ನಾನು ತಲೆ ತಗ್ಗಿಸಿ ನಿಂತಿದ್ದೆ. ಹೇಳಿದರೆ ನಂಬುತ್ತೀರೋ ಇಲ್ಲವೋ, ಆ ಬೈಗುಳ ಒಂದೊಂದಾಗಿ ಮೈಮೇಲೆ ಬೀಳುತ್ತಿದ್ದ ಹಾಗೆ ನನಗೆ ಎದೆ ಹಗುರಾಗುತ್ತಿತ್ತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಮನೆಯಲ್ಲಿ ನನಗೆ ಸೆಕೆ ಅನ್ನಿಸಲಿಲ್ಲ.

ಮೊದಲು ಕಂಡುಕೊಂಡವಳು ಬೆಳ್ಳಿ. ತಾತ, ಗೋಡೆ, ಎಂದಳು. ಅಂಗೈ ಕೆಳಗೆ ಗೋಡೆ ನಡುಗುತ್ತಿತ್ತು. ನಾನು ಏಳವ್ವ ಎಂದಿರಲಿಲ್ಲ, ಯಾರೂ ಎಂದಿರಲಿಲ್ಲ. ಸೂರಿನ ಮೇಲಿನ ಹಿಮ ಒಂದೇ ಸಲಕ್ಕೆ ಜಾರಿ ಧೊಪ್ಪನೆ ಬಿತ್ತು, ಕಾಗೆ ಕಿರುಚಿಕೊಂಡು ಹಾರಿತು. ಮಾರಕ್ಕ ಪಾಲಮ್ಮ ಇಬ್ಬರಿಗೂ ಅದರ ಪರಿವೆ ಇಲ್ಲ. ಆಗ ತಾನೇ ನನ್ನ ಗೊರಕೆಯ ವಿಷಯಕ್ಕೆ ಬಂದಿದ್ದರು. ಮುಂದಿನ ಕಾಲು ಎದ್ದಿತು, ಹಿಂದಿನ ಕಾಲು ಎದ್ದಿತು. ಮನೆ ಇದ್ದಕ್ಕಿದ್ದಂತೆ ಎದ್ದು ನಿಂತ ರಭಸಕ್ಕೆ ಹೊಸ್ತಿಲಲ್ಲಿದ್ದ ನಾನು ಹಿಮದೊಳಗೆ ಅಂಗಾತ ಬಿದ್ದೆ. ಅಲ್ಲಿಂದ ತಲೆ ಎತ್ತಿ ನೋಡಿದರೆ ನನ್ನ ಮನೆ ಊರಿನ ಕಡೆಗೆ ತಿರುಗಿಕೊಂಡು ನನ್ನ ಮೇಲಿಂದ ದಾಟಿ ಹೋಗುತ್ತಿತ್ತು. ಒಳಗೆ ಬೈಗುಳ ನಡೆದೇ ಇತ್ತು.

ಅಲ್ಲೇ, ಹಿಮದ ಮೇಲೆ ಬಿದ್ದುಕೊಂಡೇ ನನಗೆ ಹೊಳೆಯಿತು. ಮೂವತ್ತು ವರ್ಷ ನಾನು ಜನರನ್ನು ಸಮಾಧಾನ ಮಾಡಿದೆ, ಮನೆ ಸಮಾಧಾನ ಕೇಳುತ್ತದೆಂದು ನಂಬಿದೆ. ಅದಕ್ಕೆ ಜಗಳ ಭಾರವೇ ಅಲ್ಲ. ಬಾಯಿಗೆ ಬಂದ ಜಗಳವನ್ನು ಅದು ಹೊತ್ತುಕೊಂಡು ಓಡುತ್ತದೆ. ಬಾಯಿಗೆ ಬಾರದೆ ಉಳಿದ ಒಂದು ಹಿಡಿ ಇದ್ದಲಿನ ಮಾತನ್ನು ಮಾತ್ರ ಎತ್ತಲಾರದು.

ಓಬಯ್ಯ ತಿಪ್ಪೇಶ ಪೆಟ್ಟಿಗೆಗಳನ್ನು ಎಸೆದು ಓಡಿ ಮೆಟ್ಟಿಲು ಹಿಡಿದರು. ಮೂವತ್ತು ವರ್ಷದಲ್ಲಿ ನಾನು ಎಷ್ಟೋ ಮನೆ ನಡೆಯುವುದನ್ನು ನೋಡಿದ್ದೇನೆ, ಹೀಗೆ ನಡೆದದ್ದನ್ನು ನೋಡಿಲ್ಲ. ಊರ ನಡುವಿನ ದಾರಿಯಲ್ಲಿ ಅದು ಎರಡೆರಡು ಹೆಜ್ಜೆ ಒಟ್ಟಿಗೆ ಹಾಕುತ್ತ ಹೋಯಿತು. ಜನ ಶಿಳ್ಳೆ ಹೊಡೆದರು, ತಟ್ಟೆ ಬಡಿದರು, ಕಾಟಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಎಲ್ಲರಿಗಿಂತ ಮುಂದೆ ಓಡಿದಳು. ಗುಂಡಿಯ ತಳದವರೆಗೂ ಸುದ್ದಿ ಹೇಗೆ ಹೋಯಿತೋ, ಸುತ್ತುಸುತ್ತಿನ ದಾರಿಯಲ್ಲಿದ್ದ ಡಂಪರುಗಳೆಲ್ಲ ಒಂದರ ಹಿಂದೊಂದು ಹಾರನ್ ಹೊಡೆಯತೊಡಗಿದವು. ಆ ಸದ್ದಿನಲ್ಲಿ ಹನ್ನೆರಡರ ಸೈರನ್ ಯಾರಿಗೂ ಕೇಳಿಸಲಿಲ್ಲ. ನಮ್ಮ ಮನೆ ಬೂದಿಯ ಗೆರೆಗೆ ಬಂತು, ನಿಲ್ಲಲಿಲ್ಲ. ಅದನ್ನು ದಾಟಿ, ಯಾವ ಮನೆಯೂ ಹೋಗಿರದ ಏರಿನ ಕಡೆಗೆ ತಿರುಗಿತು. ಊರಿಗೆ ಬಿಸಿಲು ಮೊದಲು ಬೀಳುವುದು ಅಲ್ಲಿ. ಅಲ್ಲಿ ನಿಂತರೆ ಅದು ಹದಿಮೂರನೆಯ ಸಾಲು. ಊರಿನಲ್ಲೇ ಎಲ್ಲಕ್ಕಿಂತ ಹಿಂದಿನ ಮನೆ, ಗುಂಡಿಗೆ ಎಲ್ಲಕ್ಕಿಂತ ದೂರದ ಮನೆ.

ನಾನೂ ಓಡಿದೆ. ಎಪ್ಪತ್ತು ದಾಟಿದ ಕಾಲು, ಮೈತುಂಬ ಹಿಮ, ಕೋಟಿನ ಒಂದು ತೋಳು ಹರಿದಿತ್ತು. ನನ್ನನ್ನು ಈಗ ಯಾರೂ ರಾಜಿ ಸೂರಯ್ಯ ಎನ್ನಲಾರರು ಎಂಬುದು ಓಡುವಾಗಲೇ ಗೊತ್ತಿತ್ತು. ದಾರಿಯ ಬದಿಯಲ್ಲಿ ನಿಂತವರು ಕೆಲವರು ನಕ್ಕರು, ಕೆಲವರು ಮುಖ ತಿರುಗಿಸಿದರು, ಗಾದ್ರಪ್ಪ ಮಾತ್ರ ಓಡು ತಾತ ಎಂದು ಕೂಗಿದ. ಏರು ಹತ್ತುವಾಗ ಉಸಿರು ಕಟ್ಟಿತು. ಅಷ್ಟು ಹತ್ತಿರ ಬಂದ ಮೇಲೆ ಇನ್ನೊಂದು ಹೆದರಿಕೆ ಹಿಡಿಯಿತು. ಮನೆ ಉಳಿಯಿತು, ಸರಿ. ನನ್ನನ್ನು ಒಳಗೆ ಸೇರಿಸುತ್ತಾರೆಯೇ. ಸೇರಿಸದಿದ್ದರೆ ತಪ್ಪು ಯಾರದು ಎಂದು ಕೇಳುವ ಬಾಯಿ ನನಗಿಲ್ಲ. ಗಂಡಸರ ಬ್ಯಾರಕ್ಕು ಇದ್ದೇ ಇದೆ.

ಮನೆ ಏರಿನ ನೆತ್ತಿಯ ಹತ್ತಿರ ನಡಿಗೆ ನಿಧಾನ ಮಾಡಿತು. ಬಾಗಿಲಲ್ಲಿ ವಾರಗಿತ್ತಿಯರು ಇಬ್ಬರೂ ನಿಂತಿದ್ದರು, ಒಬ್ಬಳ ಸೊಂಟವನ್ನು ಇನ್ನೊಬ್ಬಳು ಬಿಗಿಯಾಗಿ ಹಿಡಿದಿದ್ದಳು, ಇಬ್ಬರ ಮುಖವೂ ಕೆಂಡದ ಹಾಗೆ ಕೆಂಪಗಿತ್ತು. ನಾನು ಮೆಟ್ಟಿಲ ಪಕ್ಕ ಓಡುತ್ತ ತಲೆಯೆತ್ತಿ ನೋಡಿದೆ. ಕೈಮುಗಿಯೋಣವೆಂದರೆ ಕೈ ಮೇಲೆ ಏಳಲಿಲ್ಲ. ಮಾರಕ್ಕ ಒಂದು ಕೈಯಲ್ಲಿ ಚೌಕಟ್ಟನ್ನು ಹಿಡಿದು, ಬಾಗಿ, ಇನ್ನೊಂದು ಕೈಯನ್ನು ನನ್ನ ಕಡೆಗೆ ಚಾಚಿದಳು.

“ಒಳಗೆ ಬನ್ನಿ ಮಾವ,” ಎಂದಳು. “ಬೈಯೋದು ಇನ್ನೂ ಬೇಕಾದಷ್ಟು ಐತೆ.”